ಫಾರ್ವರ್ಡ್ ಒತ್ತುವ ಮೊದಲು
(ಗದಗ-ಬೆಟಗೇರಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

ಸರ್ವ ಸ್ತುತಿಯೂ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರು ಹಾಗೂ ಸಂಗಾತಿಗಳ ಮೇಲೆ ಶಾಂತಿ ಮತ್ತು ಅನುಗ್ರಹವಿರಲಿ.



ಕಳೆದ ವಾರ ಅಸರ್ ನಮಾಝ್ ಮುಗಿಸಿ ಹೊರಗೆ ಬಂದಾಗ ಮಸೀದಿಯ ಗೇಟಿನ ಬಳಿ ಒಬ್ಬ ತಾಯಿ ನಿಂತಿದ್ದರು. ಸೊಂಟದ ಮೇಲೆ ಮಗು, ಕೈಯಲ್ಲಿ ಫೋನು. "ಹಜರತ್, ಇದನ್ನ ಸ್ವಲ್ಪ ಕೇಳ್ರಿ. ಖರೇ ಐತೇನ್ರಿ?" ಎಂದರು. ಅದೊಂದು ಧ್ವನಿ ಸಂದೇಶ. ಮಕ್ಕಳಿಗೆ ಹಾಕುವ ದಡಾರದ ಚುಚ್ಚುಮದ್ದಿನಿಂದ ಮುಂದೆ ಸಂತಾನವೇ ಆಗುವುದಿಲ್ಲ, ಇದು ನಮ್ಮ ಸಮುದಾಯದ ವಿರುದ್ಧದ ಸಂಚು ಎಂದು ಯಾರೋ ಹೇಳುತ್ತಿದ್ದರು. ಹೇಳಿದವರ ಹೆಸರಿಲ್ಲ, ಊರಿಲ್ಲ, ತಾರೀಖಿಲ್ಲ. ಕೊನೆಗೆ, ಹತ್ತು ಜನಕ್ಕೆ ಕಳಿಸಿದರೆ ಸವಾಬ್ ಸಿಗುತ್ತದೆ ಎಂಬ ಮಾತು ಬೇರೆ. ಮಗುವಿಗೆ ಹತ್ತು ತಿಂಗಳು ತುಂಬಿತ್ತು. ಒಂಬತ್ತು ತಿಂಗಳಿಗೆ ಹಾಕಿಸಬೇಕಾದ ಚುಚ್ಚುಮದ್ದು ಬಾಕಿ ಉಳಿದಿತ್ತು. ಆಶಾ ಕಾರ್ಯಕರ್ತೆ ಎರಡು ಸಲ ಮನೆಗೆ ಬಂದು ಬರಿಗೈಲಿ ಹೋಗಿದ್ದರು.

ಆ ತಾಯಿಯ ಮುಂದೆ ನನಗೆ ನಾಚಿಕೆಯಾಯಿತು. ಯಾಕೆಂದು ಇಂದು ಈ ಮಿಂಬರ್ ಮೇಲಿಂದಲೇ ಹೇಳುತ್ತೇನೆ.

2017ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನ ನಡೆಯಿತು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಎಲ್ಲ ಮಕ್ಕಳಿಗೂ, ಶಾಲೆಗಳಲ್ಲಿಯೂ ಚುಚ್ಚುಮದ್ದು ಹಾಕಿದರು. ದೇಶದಲ್ಲಿ ಮೊದಲ ಹಂತಕ್ಕೆ ಆಯ್ಕೆಯಾದದ್ದು ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ ಮತ್ತು ಲಕ್ಷದ್ವೀಪ. ಆಗಲೂ ವಾಟ್ಸಾಪ್‌ನಲ್ಲಿ ಇಂಥದೇ ಸಂದೇಶಗಳು ಹರಿದಾಡಿದವು. ಕೆಲವು ತಂದೆತಾಯಿಗಳು ಬಂದು ನನ್ನನ್ನು ಕೇಳಿದರು. "ನಿಮ್ಮ ಮನಸ್ಸಿಗೆ ಬಂದಂಗ ಮಾಡ್ರಿ" ಎಂದುಬಿಟ್ಟೆ. ನಾನು ಆ ಸಂದೇಶವನ್ನು ಯಾರಿಗೂ ಕಳಿಸಲಿಲ್ಲ, ನಿಜ. ಆದರೆ ನನಗೆ ಗೊತ್ತಿರಲಿಲ್ಲ, ಗೊತ್ತಿದ್ದವರನ್ನು ಕೇಳುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ಹಾಗೆ ನನ್ನ ಮಾತು ಕೇಳಿ ಮನೆಗೆ ಹೋದ ಒಬ್ಬ ತಂದೆ ಮಗನಿಗೆ ಲಸಿಕೆ ಹಾಕಿಸಲಿಲ್ಲ. ಮುಂದೆ ಆ ಹುಡುಗನಿಗೆ ದಡಾರ ಬಂತು, ಅದರ ಬೆನ್ನಿಗೇ ನ್ಯುಮೋನಿಯಾ. ಅಲ್ಲಾಹನ ದಯೆಯಿಂದ ಹುಡುಗ ಬದುಕಿದ. ಆದರೆ ಕಿವಿ ಸೋರಿ ಸೋರಿ, ಒಂದು ಕಿವಿ ಇಂದಿಗೂ ಸರಿಯಾಗಿ ಕೇಳುವುದಿಲ್ಲ. ಆ ತಂದೆ ನನಗೆ ಒಂದು ಮಾತೂ ಅಂದಿಲ್ಲ. ಆದರೆ ಸಫ್‌ನಲ್ಲಿ ಅವರ ಪಕ್ಕದಲ್ಲಿ ಆ ಹುಡುಗನನ್ನು ಕಂಡಾಗಲೆಲ್ಲ ನನ್ನ ತಲೆ ತಗ್ಗುತ್ತದೆ.

ಸಹೋದರರೇ, ಸೂರಾ ಅಲ್-ಹುಜುರಾತ್‌ನ 6ನೇ ವಚನ ನಮಗೆ ಇದನ್ನೇ ಎಚ್ಚರಿಸುತ್ತದೆ. ನಂಬಿಕೆಗೆ ಅರ್ಹನಲ್ಲದವನು ಸುದ್ದಿ ತಂದರೆ ಮೊದಲು ವಿಚಾರಿಸಿ ನೋಡಬೇಕು. ಇಲ್ಲದಿದ್ದರೆ ತಿಳಿಯದೆ ಯಾರಿಗೋ ಹಾನಿ ಮಾಡಿ, ಆಮೇಲೆ ಪಶ್ಚಾತ್ತಾಪ ಪಡಬೇಕಾಗುತ್ತದೆ ಎಂಬುದು ಅದರ ತಾತ್ಪರ್ಯ. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬ ಮನುಷ್ಯ ಸುಳ್ಳನಾಗಲು ಸಾಕು ಎಂಬ ಅರ್ಥದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಸುಳ್ಳು ಹುಟ್ಟಿಸಿದವನ ಮಾತು ಹಾಗಿರಲಿ. ಸುಮ್ಮನೆ ದಾಟಿಸಿದವನಿಗೂ ಅದರಲ್ಲಿ ಪಾಲಿದೆ.

ಇನ್ನು ಪ್ರವಾದಿಯವರ(ಸ) ಜೀವನವನ್ನು ನೋಡಿ. ಅವರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನವೇ ಸೂರ್ಯಗ್ರಹಣ ಹಿಡಿಯಿತು. ಪ್ರವಾದಿಯವರ ಮಗ ಸತ್ತದ್ದಕ್ಕೆ ಸೂರ್ಯನೇ ಕಪ್ಪಾದ ಎಂದು ಜನ ಮಾತಾಡಿಕೊಂಡರು. ಆ ಮಾತು ಅವರ ಗೌರವವನ್ನು ಹೆಚ್ಚಿಸುವಂಥದ್ದು. ಜನ ಪ್ರೀತಿಯಿಂದಲೇ ಹೇಳಿದ್ದು. ಬೇರೆ ಯಾರೇ ಆಗಿದ್ದರೂ ಸುಮ್ಮನಿದ್ದುಬಿಡುತ್ತಿದ್ದರು. ಆದರೆ ಮಗನನ್ನು ಕಳೆದುಕೊಂಡ ಆ ದುಃಖದಲ್ಲೂ ಪ್ರವಾದಿಯವರು(ಸ) ಜನರನ್ನು ತಿದ್ದಿದರು. ಸೂರ್ಯ, ಚಂದ್ರ ಅಲ್ಲಾಹನ ದೃಷ್ಟಾಂತಗಳು, ಯಾರ ಸಾವಿಗಾಗಲಿ ಹುಟ್ಟಿಗಾಗಲಿ ಅವಕ್ಕೆ ಗ್ರಹಣ ಹಿಡಿಯುವುದಿಲ್ಲ ಎಂದು ತಿಳಿಸಿಕೊಟ್ಟರು. ನಮಗೆ ಹಿತವಾದ ಸುಳ್ಳನ್ನೂ ಉಳಿಸಿಕೊಳ್ಳಬಾರದು ಎಂಬುದು ಇಲ್ಲಿಯ ಪಾಠ.

ನಾವು ಹಾಗೆ ನಡೆಯುತ್ತಿದ್ದೇವೆಯೇ? 1969ರಲ್ಲಿ ಚಂದ್ರನ ಮೇಲೆ ಇಳಿದ ನೀಲ್ ಆರ್ಮ್‌ಸ್ಟ್ರಾಂಗ್ ಅಲ್ಲಿ ಅಝಾನ್ ಕೇಳಿಸಿಕೊಂಡು ಆಮೇಲೆ ಮುಸ್ಲಿಮನಾದ ಎಂಬ ಕಥೆಯನ್ನು ನಮ್ಮಲ್ಲಿ ಎಷ್ಟೋ ಜನ ಕೇಳಿದ್ದೀರಿ, ಹೇಳಿದ್ದೀರಿ. 2023ರ ಆಗಸ್ಟ್ 23ರಂದು ನಮ್ಮ ಚಂದ್ರಯಾನ-3 ಚಂದ್ರನ ಮೇಲೆ ಇಳಿದಾಗ ನಮ್ಮ ಮಕ್ಕಳೂ ಟಿವಿ ಮುಂದೆ ಚಪ್ಪಾಳೆ ತಟ್ಟಿದರು. ಒಬ್ಬ ಹುಡುಗ ಬಂದು ಆ ಅಝಾನ್ ಕಥೆ ನಿಜವೇ ಎಂದು ಕೇಳಿದ. ಅದು ನಿಜವಲ್ಲ. ಚಂದ್ರನ ಮೇಲೆ ಗಾಳಿಯಿಲ್ಲ, ಗಾಳಿಯಿಲ್ಲದ ಕಡೆ ಶಬ್ದ ಹರಡುವುದಿಲ್ಲ. ಆರ್ಮ್‌ಸ್ಟ್ರಾಂಗ್ ಮತಾಂತರವಾಗಿಲ್ಲ ಎಂದು ಅಮೆರಿಕದ ವಿದೇಶಾಂಗ ಇಲಾಖೆ 1983ರಲ್ಲೇ ತನ್ನ ರಾಯಭಾರ ಕಚೇರಿಗಳಿಗೆ ತಿಳಿಸಿತ್ತು. ದೀನ್‌ಗೆ ಇಂಥ ಕಥೆಗಳ ಊರುಗೋಲು ಬೇಕಿಲ್ಲ. ಇಂದು ಈ ಸುಳ್ಳನ್ನು ನಂಬಿಸಿದ ಹುಡುಗ ನಾಳೆ ಕಾಲೇಜಿನಲ್ಲಿ ನಿಜ ತಿಳಿದಾಗ, ನಾವು ಹೇಳಿದ ಸತ್ಯಗಳನ್ನೂ ಅನುಮಾನಿಸುತ್ತಾನೆ.

ಮತ್ತೆ ಆ ತಾಯಿಯ ಪ್ರಶ್ನೆಗೆ ಬರೋಣ. ನಮಗೆ ಗೊತ್ತಿಲ್ಲದಿದ್ದರೆ ಬಲ್ಲವರನ್ನು ಕೇಳಬೇಕೆಂದು ಸೂರಾ ಅನ್-ನಹ್ಲ್‌ನ 43ನೇ ವಚನ ಕಲಿಸುತ್ತದೆ. ಈ ಸಲ ನಾನು ಅವರ ಎದುರಿಗೇ ಪರಿಚಯದ ಮಕ್ಕಳ ಡಾಕ್ಟರಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿದೆ. ಅವರು ಹೇಳಿದ್ದನ್ನು ನಿಮ್ಮ ಮುಂದೆಯೂ ಇಡುತ್ತೇನೆ. ದಡಾರ ಬಹಳ ಬೇಗ ಹರಡುವ ರೋಗ, ಲಸಿಕೆ ಇಲ್ಲದ ಮಗುವಿಗೆ ಅದರಿಂದ ನ್ಯುಮೋನಿಯಾ ಆಗಬಹುದು, ಕಣ್ಣು ಕಿವಿಗೆ ಪೆಟ್ಟು ಬೀಳಬಹುದು, ಮೆದುಳಿಗೂ ಬಾವು ಬರಬಹುದು. ರುಬೆಲ್ಲಾ ಗರ್ಭಿಣಿಗೆ ತಗುಲಿದರೆ ಹೊಟ್ಟೆಯಲ್ಲಿರುವ ಕೂಸಿನ ಕಣ್ಣು, ಕಿವಿ, ಹೃದಯ ಕೆಡಬಹುದು. ಅಂದರೆ ಈ ಲಸಿಕೆ ಸಂತಾನವನ್ನು ನಿಲ್ಲಿಸುವುದಿಲ್ಲ, ನಾಳೆ ಹುಟ್ಟುವ ಸಂತಾನವನ್ನೇ ಕಾಯುತ್ತದೆ. ಒಂಬತ್ತು ತಿಂಗಳು ತುಂಬಿದಾಗ ಒಂದು, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಇನ್ನೊಂದು ಡೋಸ್ ಹಾಕಿಸಬೇಕು. ಸರ್ಕಾರಿ ಕೇಂದ್ರಗಳಲ್ಲಿ ದುಡ್ಡಿಲ್ಲ. ಒಂದೆರಡು ದಿನ ಜ್ವರ ಬರಬಹುದು, ಹೆದರಬೇಕಿಲ್ಲ. ತಡವಾಗಿದ್ದರೂ ಹಾಕಿಸಬಹುದು.

2022ರ ಕೊನೆಯಲ್ಲಿ ಮುಂಬೈಯ ಗೋವಂಡಿ ಭಾಗದಲ್ಲಿ ದಡಾರ ಹಬ್ಬಿ ಪುಟ್ಟ ಮಕ್ಕಳು ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಅಲ್ಲಿರುವವರಲ್ಲಿ ಬಹಳ ಜನ ನಮ್ಮಂಥ ಬಡ ದುಡಿಮೆಯ ಕುಟುಂಬದವರು. ಆದರೆ ಇದೇ ದೇಶದಲ್ಲಿ ಪೋಲಿಯೊ ಹೋಯಿತು. ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು. 2014ರ ಮಾರ್ಚ್ 27ರಂದು ಭಾರತ ಪೋಲಿಯೊ ಮುಕ್ತವೆಂದು ಪ್ರಮಾಣಪತ್ರ ಸಿಕ್ಕಿತು. ಆ ಎರಡು ಹನಿಯ ಬಗ್ಗೆಯೂ ಇದೇ ಗಾಳಿಸುದ್ದಿ ಇತ್ತು. ಹನಿ ಹಾಕಿಸಿಕೊಂಡ ಆ ಮಕ್ಕಳು ಇಂದು ತಂದೆತಾಯಿಗಳಾಗಿದ್ದಾರೆ.

ಎಲ್ಲವೂ ಅಲ್ಲಾಹನ ಕೈಯಲ್ಲಿದೆ, ಲಸಿಕೆ ಯಾಕೆ ಎಂದು ಕೆಲವರು ಕೇಳುತ್ತಾರೆ. ಖಲೀಫಾ ಉಮರ್(ರ) ಸಿರಿಯಾಕ್ಕೆ ಹೊರಟಿದ್ದಾಗ ಅಲ್ಲಿ ಪ್ಲೇಗ್ ಇದೆ ಎಂಬ ಸುದ್ದಿ ಬಂತು. ಅವರು ಸಂಗಾತಿಗಳ ಗುಂಪುಗಳನ್ನು ಒಂದೊಂದಾಗಿ ಕರೆದು ವಿಚಾರಿಸಿ, ಹಿಂದಿರುಗಲು ತೀರ್ಮಾನಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುತ್ತೀರಾ ಎಂದು ಅಬೂ ಉಬೈದಾ(ರ) ಕೇಳಿದಾಗ, ಒಂದು ವಿಧಿಯಿಂದ ಅಲ್ಲಾಹನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬ ಅರ್ಥದಲ್ಲಿ ಉತ್ತರಿಸಿದರು. ಎಚ್ಚರಿಕೆ ತೆಗೆದುಕೊಳ್ಳುವುದು ಈಮಾನ್‌ಗೆ ವಿರುದ್ಧವಲ್ಲ.

ಗಾಳಿಸುದ್ದಿಗೆ ಇನ್ನೊಂದು ಕೆಟ್ಟ ಗುಣವಿದೆ. ಅದು ನಾವು ಕೇಳಲೇಬೇಕಾದ ಪ್ರಶ್ನೆಯನ್ನು ಮರೆಸುತ್ತದೆ. ನಮ್ಮ ಕಪ್ಪತಗುಡ್ಡದ ಸುತ್ತ, ಗದಗ, ಮುಂಡರಗಿ, ಶಿರಹಟ್ಟಿ ಕಡೆಯ ಹೊಲಗಳಲ್ಲಿ ಕರೆಂಟಿನ ಗಾಳಿ ಫ್ಯಾನುಗಳು ಎದ್ದು ನಿಂತಿವೆ. ಮಳೆ ತಪ್ಪಿದ ವರ್ಷ, ಈ ಫ್ಯಾನುಗಳೇ ಮೋಡ ಓಡಿಸುತ್ತವೆ ಎಂಬ ಮಾತು ಚಹಾದಂಗಡಿಯಲ್ಲಿ ಕೇಳಿಬರುತ್ತದೆ. ಫ್ಯಾನಿನ ರೆಕ್ಕೆ ತಿರುಗುವುದು ನೆಲದಿಂದ ನೂರು-ಇನ್ನೂರು ಮೀಟರ್ ಎತ್ತರದಲ್ಲಿ. ಮಳೆ ಮೋಡ ಕಿಲೋಮೀಟರ್‌ಗಟ್ಟಲೆ ಮೇಲಕ್ಕೆ ಬೆಳೆದಿರುತ್ತದೆ. ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಗಾಳಿ ಪಶ್ಚಿಮ ಘಟ್ಟದಲ್ಲೇ ಬಹುಪಾಲು ನೀರು ಸುರಿಸಿ, ಒಣಗಿ ನಮ್ಮ ಕಡೆಗೆ ಬರುತ್ತದೆ. ಅದಕ್ಕೇ ಇಲ್ಲಿ ಗಾಳಿ ಹೆಚ್ಚು, ಮಳೆ ಕಡಿಮೆ. 1876-78ರ ಭೀಕರ ಬರದಲ್ಲಿ ನಮ್ಮ ಹಿರಿಯರು ಹಸಿದಾಗ ಇಲ್ಲಿ ಒಂದು ಫ್ಯಾನೂ ಇರಲಿಲ್ಲ.

ಹಾಗೆಂದು ಕೇಳಲು ಏನೂ ಇಲ್ಲವೆಂದಲ್ಲ. ಹೊಲ ಲೀಸಿಗೆ ಕೊಟ್ಟರೆ ಎಷ್ಟು ವರ್ಷಕ್ಕೆ? ಬಾಡಿಗೆ ವರ್ಷದಿಂದ ವರ್ಷಕ್ಕೆ ಏರುತ್ತದೆಯೇ? ಕ್ರೇನ್ ಹೋಗುವ ದಾರಿ ಯಾರ ಹೊಲದಲ್ಲಿ, ಅವರಿಗೆ ಪರಿಹಾರವೇನು? ಕಂಪನಿ ಬೇರೆಯವರಿಗೆ ಮಾರಿಹೋದರೆ ದುಡ್ಡು ಕೊಡುವವರು ಯಾರು? ಫ್ಯಾನು ಹಳತಾದಾಗ ಬಿಚ್ಚಿಕೊಂಡು ಹೋಗುವವರು ಯಾರು? 2019ರಲ್ಲಿ ವನ್ಯಜೀವಿ ಧಾಮವಾದ ಕಪ್ಪತಗುಡ್ಡಕ್ಕೆ ಧಕ್ಕೆಯಾಗುತ್ತದೆಯೇ? ಇವು ನಿಜವಾದ ಪ್ರಶ್ನೆಗಳು. ಮೋಡದ ಮಾತಾಡುತ್ತಾ ಕೂತವನು ಕರಾರು ಪತ್ರ ಓದದೆ ಹೆಬ್ಬೆಟ್ಟು ಒತ್ತುತ್ತಾನೆ. ಸಾಲದ ವ್ಯವಹಾರವನ್ನು ಬರೆದಿಟ್ಟು ಸಾಕ್ಷಿ ಇಟ್ಟುಕೊಳ್ಳಬೇಕೆಂದು ಕಲಿಸಿದ ದೀನ್ ನಮ್ಮದು. ಸಹಿಗೆ ಮೊದಲು ಪತ್ರವನ್ನು ವಕೀಲರಿಗೆ ತೋರಿಸಿ.

ಇನ್ನು ಯಾರೂ ಫಾರ್ವರ್ಡ್ ಮಾಡದ ನಿಜ ಸುದ್ದಿಯೂ ಇದೆ. ಮುಂಡರಗಿ ತಾಲೂಕಿನ ಹಲವು ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೂ ಒಂದೂವರೆ ದಾಟಬಾರದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲೂ ಗೊತ್ತಾಗುವುದಿಲ್ಲ. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ವರ್ಷಗಟ್ಟಲೆ ಕುಡಿದವರ ಕೀಲು, ಬೆನ್ನು ಬಿಗಿಯುತ್ತದೆ. ಕಾಯಿಸಿ ಆರಿಸಿದ ನೀರು ಸುರಕ್ಷಿತ ಎಂದು ನಮ್ಮ ಅಮ್ಮಂದಿರು ನಂಬಿದ್ದಾರೆ. ಕಾಯಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಆದ್ದರಿಂದ ಬೋರ್ ನೀರನ್ನು ಪರೀಕ್ಷೆ ಮಾಡಿಸಿ. ಕುಡಿಯಲು, ಅಡಿಗೆಗೆ ಹೊಳೆಯ ನೀರನ್ನೋ ಶುದ್ಧ ನೀರಿನ ಘಟಕದ ನೀರನ್ನೋ ಬಳಸಿ. ಘಟಕ ಕೆಟ್ಟು ನಿಂತಿದ್ದರೆ ಗ್ರಾಮ ಪಂಚಾಯಿತಿಗೆ ಎಲ್ಲ ಸಮುದಾಯದವರೂ ಕೂಡಿ ಹೋಗಿ ಕೇಳಿ. ಬಾಯಾರಿದವರಿಗೆ ನೀರು ಕೊಡುವುದು ಸದಕಾ. ಆ ನೀರು ಒಳ್ಳೆಯದಾಗಿರುವಂತೆ ನೋಡಿಕೊಳ್ಳುವುದೂ ಸದಕಾ.

ಹಾಗಾದರೆ ಮಾಡಬೇಕಾದದ್ದೇನು? ಫೋನಿಗೆ ಬಂದ ಯಾವುದೇ ಸುದ್ದಿಗೆ ಮೂರು ಪ್ರಶ್ನೆ ಕೇಳಿ. ಹೇಳಿದವರು ಯಾರು? ಅವರಿಗೆ ಆ ವಿಷಯ ಗೊತ್ತೇ? ಇದು ಸುಳ್ಳಾದರೆ ಯಾರಿಗೆ ಪೆಟ್ಟು? ಉತ್ತರ ಸಿಗದಿದ್ದರೆ ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿನಲ್ಲಿ "ನಾನು ಕಳಿಸಿದ್ದು ತಪ್ಪು" ಎಂದು ಬರೆಯಿರಿ. ಅದರಿಂದ ಯಾರ ಮಾನವೂ ಹೋಗುವುದಿಲ್ಲ. ಮಸೀದಿಯ ಜಮಾಅತ್‌ನವರು ಡಾಕ್ಟರು, ನರ್ಸು, ಆಶಾ ಕಾರ್ಯಕರ್ತೆಯರನ್ನು ಒಂದು ದಿನ ಕರೆಸಿ, ಹೆಣ್ಣುಮಕ್ಕಳು ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡಿಸಬೇಕು. ಅದಕ್ಕೆ ನಾನೇ ಮುಂದೆ ನಿಲ್ಲುತ್ತೇನೆ.

ಆ ತಾಯಿ ಮರುದಿನವೇ ಮಗುವಿಗೆ ಚುಚ್ಚುಮದ್ದು ಹಾಕಿಸಿದರು. ರಾತ್ರಿ ಸ್ವಲ್ಪ ಮೈ ಬಿಸಿಯಾಗಿತ್ತು, ಬೆಳಿಗ್ಗೆ ಆಡುತ್ತಿತ್ತು ಎಂದು ಹೇಳಿ ಕಳಿಸಿದ್ದಾರೆ. ಅಲ್‌ಹಮ್ದುಲಿಲ್ಲಾಹ್. ಇನ್ನೊಂದು ಬಾಕಿ ನನ್ನ ಮೇಲಿದೆ. ಆ ಹುಡುಗನ ತಂದೆ ಇಂದೂ ಈ ಸಫ್‌ನಲ್ಲಿ ಕೂತಿದ್ದಾರೆ. ನಮಾಝ್ ಮುಗಿದ ಮೇಲೆ ನಾನು ಅವರ ಬಳಿ ಹೋಗಿ ಕ್ಷಮೆ ಕೇಳುತ್ತೇನೆ.

ಯಾ ಅಲ್ಲಾಹ್, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನುವ ಧೈರ್ಯ ಕೊಡು. ಬಲ್ಲವರನ್ನು ಕೇಳುವ ವಿನಯ ಕೊಡು. ನಮ್ಮ ನಾಲಿಗೆ ಮತ್ತು ಬೆರಳಿನಿಂದ ಯಾರ ಮಗುವಿಗೂ ಹಾನಿಯಾಗದಂತೆ ಕಾಪಾಡು. ನಮ್ಮ ಊರುಗಳಿಗೆ ಮಳೆ, ಬೆಳೆ, ಆರೋಗ್ಯ ಕೊಡು. ಆಮೀನ್.