ಪುಟ್ಟ ರೈಲಿಗೊಂದು ನಾಡು



ಆಟದ ರೈಲನ್ನು ಕುರಿತು ದೊಡ್ಡವರ ಎದುರಿನಲ್ಲಿ ಮಾತನಾಡುವುದು ಕೊಂಚ ಸಂಕೋಚದ ಕೆಲಸ. ಹಗಲೆಲ್ಲ ಕಾಲೇಜಿನಲ್ಲಿ ಪಾಠ ಹೇಳಿ ಬಂದವನು ಸಂಜೆ ಮನೆಯಲ್ಲಿ ಅಂಟು, ರಟ್ಟು, ಮರದ ಹೊಟ್ಟುಗಳನ್ನು ಹರಡಿಕೊಂಡು ನೆಲದ ಮೇಲೆ ಕುಳಿತಿದ್ದರೆ ನೋಡಿದವರು ನಗುವುದು ಸಹಜವೇ. ಆದರೆ ನಾನು ಇಂದು ಹೇಳಬೇಕೆಂದಿರುವುದು ರೈಲಿನ ಮಾತಿಗಿಂತ ಹೆಚ್ಚಾಗಿ ಅದು ಓಡುವ ನೆಲ, ಹಾಯುವ ಹಳ್ಳಿ, ದಾಟುವ ಹಳ್ಳ, ಇವುಗಳನ್ನು ನಿಜವೆನ್ನುವಂತೆ ರಚಿಸುವ ವಿದ್ಯೆಯ ಮಾತು. ಈ ವಿದ್ಯೆಗೆ ಕೈಚಳಕ ಬೇಕು, ನಿಜ. ಆದರೆ ಕೈಗಿಂತ ಮೊದಲು ಕಣ್ಣು ಪಳಗಬೇಕೆಂಬುದು ನನ್ನ ಅನುಭವ.

ಫ್ರಾಂಕ್ ಹಾರ್ನ್‌ಬಿಯವರ ಹೆಸರು ಹೊತ್ತ ತಗಡಿನ ರೈಲುಗಳು ಇಂಗ್ಲೆಂಡಿನ ಅಂಗಡಿಗಳಿಗೆ ಬಂದದ್ದು 1920ರಲ್ಲಿ. ಕೀಲಿ ಕೊಟ್ಟರೆ ಓಡುವ ಎಂಜಿನ್, ಜಮಖಾನದ ಮೇಲೆ ಹಾಸಿದ ಹಳಿ. ಹುಡುಗರಿಗೆ ಅಷ್ಟು ಸಾಕಾಗಿತ್ತು. ದೊಡ್ಡವರು ಈ ಹವ್ಯಾಸಕ್ಕೆ ಕೈಹಾಕಿದ ಮೇಲೂ ಬಹುಮಂದಿಯ ಆಸ್ಥೆಯೆಲ್ಲ ಎಂಜಿನ್ನಿನ ಮೇಲೆಯೇ ಇದ್ದಿತು. 1930ರ ದಶಕದಲ್ಲಿ ಜಾನ್ ಅಹರ್ನ್ ಎಂಬುವರು ಈ ಕ್ರಮವನ್ನು ತಿರುಗಿಸಿದರು. ಅವರು ‘ಮ್ಯಾಡರ್ ವ್ಯಾಲಿ’ ಎಂಬ ಹೆಸರಿನಲ್ಲಿ ಒಂದು ಕಣಿವೆಯನ್ನೇ ಕಲ್ಪಿಸಿದರು. ಅದಕ್ಕೆ ಮ್ಯಾಡರ್‌ಪೋರ್ಟ್ ಎಂಬ ಬಂದರು. ಬಂದರಿನಿಂದ ಒಳನಾಡಿಗೆ ಸಾಗುವ ದಾರಿ. ದಾರಿಯುದ್ದಕ್ಕೂ ಬೇರೆಬೇರೆ ಊರುಗಳಲ್ಲಿ ಅವರು ಕಂಡು ಮೆಚ್ಚಿದ ಕಟ್ಟಡಗಳ ಪ್ರತಿರೂಪಗಳು. ಅಲ್ಲಿ ನೆಲ ಮೊದಲು, ರೈಲು ಆಮೇಲೆ. ಆ ಊರುಗಳ ನಿವಾಸಿಗಳಲ್ಲಿ ತಾನೂ ಒಬ್ಬನೆಂಬಂತೆ ರೈಲು ಅವುಗಳ ನಡುವೆ ಸುಳಿದು ಹೋಗುತ್ತಿತ್ತು.

ಈ ಕೆಲಸದ ಮೊದಲ ತೊಡಕು ಲೆಕ್ಕದ್ದು. ಇಂಗ್ಲೆಂಡಿನಲ್ಲಿ ಬಹುವಾಗಿ ಬಳಕೆಯಾಗುವ ಪ್ರಮಾಣದಲ್ಲಿ ನಿಜವಾದ ಒಂದು ಅಡಿಗೆ ಮಾದರಿಯಲ್ಲಿ 4 ಮಿಲಿಮೀಟರ್. ಎಂದರೆ ಎಲ್ಲವೂ ಸುಮಾರು 76ರಲ್ಲಿ ಒಂದು ಪಾಲಿಗೆ ಇಳಿಯುವುದು. ಆರಡಿಯ ಆಳು ಒಂದು ಅಂಗುಲಕ್ಕೂ ಕಡಮೆ. ಹಾಗಾದರೆ ಒಂದು ಮೈಲಿ? ಅದಕ್ಕೆ 69 ಅಡಿ ಉದ್ದದ ಕೊಠಡಿ ಬೇಕು! ಅಂಥ ಕೊಠಡಿ ಯಾರ ಮನೆಯಲ್ಲಿದೆ? ಆದಕಾರಣ ನಾಡನ್ನು ಇದ್ದಂತೆಯೇ ಇಳಿಸುವುದು ಆಗದ ಮಾತು, ಆರಿಸಿಕೊಳ್ಳಲೇಬೇಕು. ಯಾವುದನ್ನು ಬಿಟ್ಟರೆ ಊರು ಊರಾಗಿ ಉಳಿಯುವುದು, ಯಾವುದನ್ನು ಬಿಟ್ಟರೆ ಉಳಿಯದು ಎಂಬ ವಿವೇಚನೆ ಇಲ್ಲಿಂದಲೇ ಆರಂಭವಾಗುತ್ತದೆ.

ಎರಡನೆಯ ತೊಡಕು ಕಣ್ಣಿನದು. ಹೊಸಬನು ಮಾಡಿದ ಮಾದರಿಯನ್ನು ನೋಡಿ: ಹುಲ್ಲು ಗಿಳಿಹಸುರು, ರಸ್ತೆ ಕಾಡಿಗೆಗಪ್ಪು, ಮರಗಳು ಮನೆಯ ಸೂರಿಗಿಂತ ಗಿಡ್ಡ. ಇವು ಯಾವುವೂ ಅವನು ಕಂಡವಲ್ಲ. ಹುಲ್ಲೆಂದರೆ ಹಸುರು, ರಸ್ತೆಯೆಂದರೆ ಕಪ್ಪು ಎಂದು ಅವನು ನಂಬಿಕೊಂಡವು. ಹೊರಗೆ ಹೋಗಿ ನಿಂತು ನೋಡಿದರೆ ಬೇಸಿಗೆಯ ಹುಲ್ಲಿನಲ್ಲಿ ಹಸುರಿಗಿಂತ ಕಂದು ಹೆಚ್ಚು. ಡಾಂಬರು ರಸ್ತೆ ಧೂಳು ಹಿಡಿದು ಬೂದಿಯ ಬಣ್ಣಕ್ಕೆ ತಿರುಗಿರುತ್ತದೆ. ಅರುವತ್ತು ಅಡಿಯ ಮರವನ್ನು ಮೇಲಿನ ಪ್ರಮಾಣದಲ್ಲಿ ಮಾಡಿದರೆ ಒಂಬತ್ತು ಅಂಗುಲಕ್ಕೂ ಹೆಚ್ಚಾಗಬೇಕು. ಇನ್ನೊಂದು ಸೂಕ್ಷ್ಮವುಂಟು. ಮಾದರಿಯನ್ನು ಮೂರು ಅಡಿ ದೂರದಿಂದ ನೋಡುವುದೆಂದರೆ ನಿಜವಾದ ಊರನ್ನು 228 ಅಡಿ ದೂರದಿಂದ ನೋಡಿದಂತೆ. ಅಷ್ಟು ದೂರದಲ್ಲಿ ನಡುವಣ ಗಾಳಿಯೇ ಬಣ್ಣವನ್ನು ಮಂಕುಮಾಡುತ್ತದೆ. ಆದುದರಿಂದ ಕೈಯಲ್ಲಿ ಹಿಡಿದ ಇಟ್ಟಿಗೆಯ ಬಣ್ಣವನ್ನು ಹಾಗೆಯೇ ಮಾದರಿಯ ಗೋಡೆಗೆ ಹಚ್ಚಿದರೆ ಅದು ಸುಳ್ಳಾಗುತ್ತದೆ. ಸ್ವಲ್ಪ ಬಿಳಿ, ಸ್ವಲ್ಪ ಬೂದಿ ಬೆರಸಿದರೆ ನಿಜಕ್ಕೆ ಹತ್ತಿರವಾಗುತ್ತದೆ. ಹಿಂದಿನ ಪರದೆಯ ಮೇಲಿನ ಗುಡ್ಡಗಳನ್ನಂತೂ ತೆಳುನೀಲಿಗೆ ಇಳಿಸಬೇಕು.

ಸಾಮಗ್ರಿಯ ಮಾತನ್ನು ಬೇಗ ಮುಗಿಸುತ್ತೇನೆ. ಹಿಂದೆ ತಂತಿಬಲೆಯನ್ನು ಬಗ್ಗಿಸಿ ಮೇಲೆ ಪ್ಲಾಸ್ಟರ್ ಮೆತ್ತಿ ಗುಡ್ಡ ಮಾಡುತ್ತಿದ್ದರು. ಈಗ ಹಗುರವಾದ ಫೋಮ್ ಹಲಗೆಯನ್ನು ಕೆತ್ತುವವರೂ ಇದ್ದಾರೆ. ಹಳಿಯ ನಡುವೆ ಸಣ್ಣ ಜಲ್ಲಿಯನ್ನು ಒಣದಾಗಿಯೇ ಹರಡಿ, ನೀರು ಬೆರಸಿದ ಅಂಟನ್ನು ಹನಿಹನಿಯಾಗಿ ಬಿಡುವರು. ಆ ನೀರಿಗೆ ಒಂದು ತೊಟ್ಟು ಸಾಬೂನಿನ ದ್ರವ ಸೇರಿಸದಿದ್ದರೆ ಅಂಟು ಗುಂಡುಗುಂಡಾಗಿ ಮೇಲೆಯೇ ನಿಂತು ಜಲ್ಲಿಯನ್ನು ಚೆದರಿಸುವುದು. ಹುಲ್ಲಿಗೆ ನೈಲಾನಿನ ಸಣ್ಣ ಎಳೆಗಳು. ವಿದ್ಯುದಾವೇಶ ಕೊಟ್ಟು ಅಂಟಿನ ಮೇಲೆ ಉದುರಿಸಿದರೆ ಎಳೆಗಳೆಲ್ಲ ನೆಟ್ಟಗೆ ನಿಲ್ಲುತ್ತವೆ. ತಂತಿಗಳನ್ನು ಹುರಿಗೊಳಿಸಿದರೆ ಮರದ ಕಾಂಡ ಕೊಂಬೆಗಳು. ವಾರ್ನಿಷನ್ನು ಪದರಪದರವಾಗಿ ಬಳಿದರೆ ಹಳ್ಳದ ನೀರು. ಇವೆಲ್ಲ ಕಲಿಯಬಹುದಾದ ಉಪಾಯಗಳು. ಕಲಿಸಲು ಕಷ್ಟವಾದದ್ದು ಯಾವುದೆಂಬುದಕ್ಕೆ ಇನ್ನೊಬ್ಬರ ಕಥೆಯನ್ನು ಹೇಳಬೇಕು.

ಅವರ ಹೆಸರು ರಾಯ್ ಇಂಗ್ಲೆಂಡ್. ಹುಟ್ಟಿದ್ದು ಮಾತ್ರ ಆಸ್ಟ್ರೇಲಿಯದಲ್ಲಿ! 1925ರಲ್ಲಿ, ಇನ್ನೂ ಎಳೆಯ ಪ್ರಾಯದಲ್ಲಿ, ತಮ್ಮ ಹೆಸರಿನ ದೇಶಕ್ಕೆ ಬಂದರು. ಗ್ರೇಟ್ ವೆಸ್ಟರ್ನ್ ರೈಲ್ವೆಯ ಮೇಲಿನ ಮೋಹವು ಅವರನ್ನು ಬಿಳಿಕುದುರೆಯ ಕಣಿವೆಯೆಂದು ಹೆಸರಾದ ಸೀಮೆಗೆ ಕರೆತಂದಿತು. ಅಲ್ಲಿ ಸೀಮೆಸುಣ್ಣದ ಗುಡ್ಡದ ಮೇಲೆ ಸುಮಾರು 3000 ವರ್ಷಗಳ ಹಿಂದೆ ಜನರು ಕೊರೆದ ಬಿಳಿಯ ಕುದುರೆಯ ಆಕೃತಿ ಇಂದಿಗೂ ಇದೆ. ಗುಡ್ಡದ ಕೆಳಗೆ ಹುಲ್ಲು ಹೊದಿಸಿದ ಹಳೆಯ ಮನೆಗಳ ಹಳ್ಳಿಗಳು. ಆದರೆ ರಾಯ್ ಇಂಗ್ಲೆಂಡರು ನೋಡುತ್ತಿದ್ದಂತೆಯೇ ಆ ಮನೆಗಳು ಬದಲಾಗುತ್ತಿದ್ದವು. ಒಂದು ಬಿದ್ದುಹೋಗುತ್ತಿತ್ತು, ಇನ್ನೊಂದರ ಹುಲ್ಲಿನ ಮಾಡು ಹೋಗಿ ಅಗ್ಗದ ಹೊದಿಕೆ ಬರುತ್ತಿತ್ತು. ಅವನ್ನು ಉಳಿಸಿಕೊಳ್ಳುವಷ್ಟು ಹಣವಾಗಲಿ ಅಧಿಕಾರವಾಗಲಿ ಅವರಿಗಿರಲಿಲ್ಲ. ಇದ್ದದ್ದು ಕ್ಯಾಮೆರ, ಟಿಪ್ಪಣಿಯ ಪುಸ್ತಕ, ರಟ್ಟು, ಬಣ್ಣ. ಇರುವ ಮನೆಗಳನ್ನು ಇದ್ದಂತೆ ಅಳೆದು, 1920 ಮತ್ತು 30ರ ದಶಕಗಳ ಆ ಕಣಿವೆಯನ್ನು ಮಾದರಿಯಲ್ಲಾದರೂ ಉಳಿಸುವೆನೆಂದು ಅವರು ನಿಶ್ಚಯಿಸಿದರು.

ಹೀಗೆ ಹುಟ್ಟಿದ್ದು ಪೆಂಡನ್ ಸಂಗ್ರಹಾಲಯ. 1954ರಿಂದ ಅದಕ್ಕೆ ಆಕ್ಸ್‌ಫರ್ಡ್ ಸೀಮೆಯ ಲಾಂಗ್ ವಿಟನ್‌ಹ್ಯಾಮ್ ಎಂಬ ಹಳ್ಳಿಯೇ ನೆಲೆ. ಅಲ್ಲಿಯ ಗೋಡೆಗಳು ರಟ್ಟಿನವು. ಒಂದೊಂದು ಇಟ್ಟಿಗೆಯ ಗೆರೆಯನ್ನೂ ಅದರ ಮೇಲೆ ಕೊರೆದು ಬೇರೆಬೇರೆಯಾಗಿ ಬಣ್ಣ ಹಚ್ಚಿದ್ದಾರೆ; ಒಂದು ಇಟ್ಟಿಗೆಯ ಉದ್ದ 3 ಮಿಲಿಮೀಟರ್, ಎತ್ತರ ಒಂದೇ ಮಿಲಿಮೀಟರ್! ಮಾಡಿನ ಹುಲ್ಲಿಗೆ ಕೊಳಾಯಿ ಕೆಲಸದವರು ತಿರುಪಿಗೆ ಸುತ್ತುವ ನಾರು. ಒಂದು ಮನೆಗೆ ನೂರಾರು ಗಂಟೆಗಳ ದುಡಿಮೆ. ಕೆಲಸಕ್ಕೆ ಕೈಗೂಡಿಸಿದವರು ಬಹುಮಂದಿ. ರಾಯ್ ಇಂಗ್ಲೆಂಡರು 1995ರಲ್ಲಿ ತೀರಿಕೊಂಡರು. ಕೆಲಸ ಅವರೊಡನೆ ನಿಲ್ಲಲಿಲ್ಲ. ಅಹರ್ನರ ಮ್ಯಾಡರ್ ವ್ಯಾಲಿಯೂ ಅವರ ಮರಣಾನಂತರ ಈ ಸಂಗ್ರಹಾಲಯವನ್ನೇ ಸೇರಿತು.

ಒಂದು ವಿಶೇಷವನ್ನು ತಾವು ಗಮನಿಸಬೇಕು. ಪೆಂಡನ್ನಿನ ಮನೆಗಳೆಲ್ಲ ನಿಜವಾದ ಮನೆಗಳ ಪ್ರತಿರೂಪಗಳು. ಆದರೆ ಅವು ಕೂಡಿ ನಿಂತಿರುವ ಹಳ್ಳಿ ಭೂಪಟದಲ್ಲಿಲ್ಲ. ಕಣಿವೆಯ ನಾನಾ ಊರುಗಳ ಮನೆಗಳು ಒಂದೇ ಕಲ್ಪಿತ ಹಳ್ಳಿಗೆ ಬಂದು ಸೇರಿವೆ. ಇದು ಮೋಸವೆ? ನನಗೆ ಹಾಗೆ ತೋರುವುದಿಲ್ಲ. ಜೋಡಣೆ ಕಲ್ಪನೆಯದಾದರೂ ಜೋಡಿಸಿದ ಪ್ರತಿಯೊಂದು ವಸ್ತುವಿಗೂ ಸಾಕ್ಷಿಯಿದೆ. ಕಥೆ ಬರೆಯುವವರು ಮಾಡುವುದೂ ಬಹುಮಟ್ಟಿಗೆ ಇದನ್ನೇ ಅಲ್ಲವೆ?

ಇಷ್ಟು ತಿಳಿದ ಮೇಲೆ ನಾನೂ ನಮ್ಮೂರಿನ ಚಿಕ್ಕ ರೈಲು ಸ್ಟೇಷನ್ನನ್ನು ರಟ್ಟಿನಲ್ಲಿ ಕಟ್ಟಲು ಕುಳಿತೆ. ಮೀಟರ್ ಗೇಜಿನ ಕಾಲದ ಕಟ್ಟಡ. ಹಳಿ ಅಗಲವಾದಾಗ ಅದನ್ನು ಕೆಡವಿದರು. ಬಾಲ್ಯದಲ್ಲಿ ದಿನವೂ ಕಂಡ ಸ್ಥಳ. ಕಣ್ಣು ಮುಚ್ಚಿದರೆ ಎದುರಿಗೆ ಬರುವುದೆಂದು ನಂಬಿದ್ದೆ. ಕೈಯಲ್ಲಿ ಕತ್ತರಿ ಹಿಡಿದಾಗ ಗೊತ್ತಾಯಿತು: ಮೆಟ್ಟಿಲು ಎಷ್ಟು? ಕಿಟಕಿ ಎಷ್ಟು? ಗೋಡೆಯ ಬಣ್ಣ ಯಾವುದು? ಒಂದಕ್ಕೂ ನನ್ನಲ್ಲಿ ಉತ್ತರವಿಲ್ಲ. ತಾಯಿಯವರು ಗೋಡೆ ಹಳದಿಯೆಂದರು. ಸೋದರಮಾವನವರು, “ಬಿಳಿಯ ಸುಣ್ಣವಪ್ಪ, ಕೆಳಗೆ ಕೆಂಪು ಪಟ್ಟೆ” ಎಂದರು.

ಕೊನೆಗೆ ಒಂದು ಹಳೆಯ ಕಪ್ಪುಬಿಳುಪಿನ ಚಿತ್ರ ಸಿಕ್ಕಿತು. ಮದುವೆಯ ದಿಬ್ಬಣ ಹೊರಟಾಗ ತೆಗೆದದ್ದು. ದೊಡ್ಡಪ್ಪನವರು ಸ್ಟೇಷನ್ನಿನ ಬಾಗಿಲ ಚೌಕಟ್ಟಿಗೆ ಒರಗಿ ನೆಟ್ಟಗೆ ನಿಂತಿದ್ದಾರೆ. ಅವರ ಎತ್ತರ ಐದೂವರೆ ಅಡಿಯೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಚಿತ್ರದಲ್ಲಿ ಅವರು 33 ಮಿಲಿಮೀಟರ್, ಬಾಗಿಲು 42. ಎಂದಮೇಲೆ ಬಾಗಿಲಿನ ನಿಜವಾದ ಎತ್ತರ 7 ಅಡಿ. ನನ್ನ ಮಾದರಿಗೆ 28 ಮಿಲಿಮೀಟರ್. ಬಾಗಿಲು ಸಿಕ್ಕ ಮೇಲೆ ಕಿಟಕಿ, ಸೂರು, ಮೆಟ್ಟಿಲು ಒಂದೊಂದಾಗಿ ಸಿಕ್ಕವು. ತೀರಿಕೊಂಡ ದೊಡ್ಡಪ್ಪನವರು ನನಗೆ ಅಳತೆಗೋಲಾದರು. ಗೋಡೆಯ ಬಣ್ಣ ಮಾತ್ರ ಆ ಚಿತ್ರದಿಂದ ದೊರೆಯಲಿಲ್ಲ. ಊಹೆಯಿಂದ ಬಳಿಯಲು ನನಗೆ ಮನಸ್ಸು ಬಾರದು. ಆ ಗೋಡೆ ಇನ್ನೂ ಬರಿಯ ರಟ್ಟಾಗಿಯೇ ನಿಂತಿದೆ.

ತಮ್ಮೂರಿನಲ್ಲಿಯೂ ಹಳೆಯ ಸ್ಟೇಷನ್ನೋ, ಛತ್ರವೋ, ಹೆಂಚಿನ ಮನೆಗಳ ಬೀದಿಯೋ ಇನ್ನೂ ಉಳಿದಿರಬಹುದು. ಮಾದರಿ ಕಟ್ಟುವ ಉದ್ದೇಶ ತಮಗಿಲ್ಲದಿದ್ದರೂ ಚಿಂತೆಯಿಲ್ಲ. ಒಂದು ಭಾನುವಾರ ಅಳತೆಯ ಟೇಪನ್ನೂ ಒಂದು ಪುಸ್ತಕವನ್ನೂ ಹಿಡಿದು ಹೋಗಿ, ಮೆಟ್ಟಿಲುಗಳನ್ನು ಎಣಿಸಿ, ಗೋಡೆಯ ಬಣ್ಣವನ್ನು ಬರೆದಿಟ್ಟುಕೊಂಡು ಬನ್ನಿ. ಮುಂದೆ ರಟ್ಟು ಕತ್ತರಿಸಲು ಕುಳಿತವನೊಬ್ಬನು ತಮ್ಮನ್ನು ಬಂದು ಕೇಳಿದಾಗ ಹೇಳಲು ಒಂದು ಉತ್ತರವಿರುತ್ತದೆ.