ಬೇಸ್ ಗಿಟಾರ್: ಬೆರಳಿಗೆ ವೇಗ ಬರುವ ಬಗೆ



ಕಾಲೇಜಿನ ವಾದ್ಯವೃಂದದಲ್ಲಿ ನಾಲ್ಕು ದಪ್ಪ ತಂತಿಗಳ, ಉದ್ದ ಕತ್ತಿನ ಗಿಟಾರೊಂದನ್ನು ನೀವು ನೋಡಿರಬಹುದು. ಅದೇ ಬೇಸ್ ಗಿಟಾರ್. ಹಾಡು ಕೇಳುವಾಗ ಅದರತ್ತ ಯಾರ ಗಮನವೂ ಹೋಗುವುದಿಲ್ಲ. ಅದು ನಿಂತಾಗ ಮಾತ್ರ ಹಾಡಿನ ತಳವೇ ಕಳಚಿದಂತಾಗುತ್ತದೆ. ಈ ವಾದ್ಯವನ್ನು ಹಿಡಿದವರೆಲ್ಲ ಮೊದಲು ಕೇಳುವ ಪ್ರಶ್ನೆ, ‘ಬೇಗ ಬೇಗ ನುಡಿಸುವುದು ಹೇಗೆ?’ ನಾನೂ ಕೇಳಿದ್ದೆ. ಉತ್ತರ ತಿಳಿದದ್ದು ಕೈ ಕೆಟ್ಟ ಮೇಲೆ.

1994ರಲ್ಲಿ ನಾನು ಪದವಿಯ ಎರಡನೆಯ ವರ್ಷದಲ್ಲಿದ್ದೆ. ಅಂತರ ಕಾಲೇಜು ಸ್ಪರ್ಧೆಗೆಂದು ದಿನಕ್ಕೆ ನಾಲ್ಕೈದು ಗಂಟೆ ಅಭ್ಯಾಸ. ಕ್ಯಾಸೆಟ್ಟಿನಲ್ಲಿ ಕೇಳಿದ ವೇಗ ಆ ವಾರವೇ ಬರಬೇಕೆಂಬ ಹಟ. ಬಾರದಿದ್ದಾಗ ತಂತಿಯನ್ನು ಇನ್ನಷ್ಟು ಬಲವಾಗಿ ಒತ್ತುತ್ತಿದ್ದೆ. ಮೂರನೆಯ ವಾರಕ್ಕೆ ಎಡಗೈಯ ಮಣಿಕಟ್ಟು ಎಷ್ಟು ನೊಂದಿತೆಂದರೆ ನೀರಿನ ಚೊಂಬು ಎತ್ತಲೂ ಆಗಲಿಲ್ಲ. ಸ್ಪರ್ಧೆಯ ದಿನ ಸಭಿಕರ ಸಾಲಿನಲ್ಲಿ ಕುಳಿತಿದ್ದೆ.

ತಪ್ಪು ಎಲ್ಲಿತ್ತು? ಈ ವಾದ್ಯದ ಅತಿ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಲಯ ತೋರಿಸುವ ಮೆಟ್ರೋನೋಮನ್ನು ನಿಮಿಷಕ್ಕೆ 120 ಪೆಟ್ಟಿಗೆ ಇಟ್ಟು, ಪೆಟ್ಟಿಗೆ ನಾಲ್ಕು ಸ್ವರ ನುಡಿಸಿದರೆ ಸೆಕೆಂಡಿಗೆ 8 ಸ್ವರಗಳಾದವು. ಅಂದರೆ ಒಂದು ಸ್ವರದ ಪಾಲಿಗೆ ಬರುವುದು ಐದೇ ಕಂಪನ! ಸಾಮಾನ್ಯ ಗಿಟಾರಿನ ಅತಿ ಮೇಲಿನ ತಂತಿಗೆ ಅದೇ ಅವಧಿಯಲ್ಲಿ ನಲವತ್ತಕ್ಕೂ ಹೆಚ್ಚು ಸಿಗುತ್ತವೆ. ಹೀಗಿರುವಾಗ ಹಿಂದಿನ ಸ್ವರದ ಗುಂಗು ಸ್ವಲ್ಪ ಉಳಿದರೂ ಕೇಳುವುದು ಬರೀ ಗುಡುಗು. ಸ್ವರವನ್ನು ಹುಟ್ಟಿಸುವಷ್ಟೇ ಎಚ್ಚರದಿಂದ ನಿಲ್ಲಿಸಬೇಕು. ನಾನು ಬಲಕ್ಕೆ ಗಮನ ಕೊಟ್ಟೆ, ನಿಲುಗಡೆಗೆ ಕೊಡಲಿಲ್ಲ.

ಬಲಗೈಯ ತೋರುಬೆರಳು, ನಡುಬೆರಳು ನಡೆಯುವ ಕಾಲುಗಳಂತೆ ಒಂದಾದ ಮೇಲೊಂದು ಬರಲಿ. ಮೀಟಿದ ಬೆರಳು ಗಾಳಿಗೆ ಹಾರದೆ ಪಕ್ಕದ ತಗ್ಗಿನ ತಂತಿಗೆ ಒರಗಲಿ. ಆ ತಂತಿಯೂ ಸುಮ್ಮನಿರುತ್ತದೆ. ಸದ್ದು ಸಾಲದಿದ್ದರೆ ಆಂಪ್ಲಿಫೈಯರಿನ ಗುಂಡಿ ತಿರುಗಿಸಿ, ಬೆರಳನ್ನು ದಂಡಿಸಬೇಡಿ.

ಎಡಗೈಗೆ ಒಂದು ಪ್ರಯೋಗ ಹೇಳುತ್ತೇನೆ. ವೀಣೆಯ ಮೆಟ್ಟಿಲಿನಂತಿರುವ ಫ್ರೆಟ್ಟಿನ ಹಿಂದೆಯೇ ಬೆರಳಿಟ್ಟು, ಒತ್ತದೆ ತಂತಿ ಮೀಟಿ. ‘ಟಪ್’ ಎನ್ನುತ್ತದೆ. ಮೀಟುತ್ತಲೇ ಒತ್ತಡ ಹೆಚ್ಚಿಸುತ್ತ ಹೋಗಿ. ಕರಕರ ಸದ್ದು ಹೋಗಿ ಸ್ವರ ತಿಳಿಯಾದೊಡನೆ ನಿಲ್ಲಿಸಿ. ಅಷ್ಟೇ ಬಲ ಸಾಕು. ನಾನು ಅದರ ಮೂರು ಪಾಲು ಹಾಕುತ್ತಿದ್ದೆನೇನೋ! ಇನ್ನೊಂದು ಮಾತು. ಸಾಮಾನ್ಯ ಅಳತೆಯ ಬೇಸ್‌ನಲ್ಲಿ ಮೊದಲ ಮನೆ ಸುಮಾರು 4.8 ಸೆಂಟಿಮೀಟರ್ ಅಗಲ. ಹದಿಮೂರನೆಯದು ಅದರ ಅರ್ಧ. ಆದ್ದರಿಂದ ಮೊದಲ ಮನೆಗಳಲ್ಲಿ ನಾಲ್ಕು ಬೆರಳುಗಳನ್ನು ಹಿಗ್ಗಿಸಿ ಹಿಂಸಿಸದೆ, ತೋರುಬೆರಳು, ನಡುಬೆರಳು, ಕಿರುಬೆರಳುಗಳಿಂದ ಮೂರೇ ಮನೆ ಹಿಡಿಯಿರಿ. ಮೇಲೆ ಹೋದಂತೆ ಮನೆಗೊಂದು ಬೆರಳು.

ನಮ್ಮ ಸಂಗೀತ ಪಾಠದಲ್ಲಿ ಸರಳೆ ವರಸೆಯನ್ನು ಮೂರು ಕಾಲಗಳಲ್ಲಿ ಹಾಡಿಸುತ್ತಾರೆ. ಅಲ್ಲಿ ವೇಗ ಇಮ್ಮಡಿಯಾಗುತ್ತದೆ. ಬೇಸ್‌ಗೆ ಅಂಥ ಜಿಗಿತ ಬೇಡವೆಂದು ನನ್ನ ಅಭಿಪ್ರಾಯ. 60ರಿಂದ ಹೊರಡಿ. ಮೂರು ಸಲ ತಪ್ಪಿಲ್ಲದೆ ಬಂದರೆ ನಾಲ್ಕೈದು ಪೆಟ್ಟು ಏರಿಸಿ, ಎಡವಿದರೆ ಇಳಿಸಿ. ಮೆಟ್ರೋನೋಮ್ ಈಗ ಮೊಬೈಲ್ ಫೋನಿನಲ್ಲೇ ಸಿಗುತ್ತದೆ.

ವೇಗವೊಂದೇ ಗುರಿಯೆಂದು ಭಾವಿಸಬೇಡಿ. ಸ್ಯಾಕ್ಸೋಫೋನಿಗೂ ಕಷ್ಟವೆನಿಸುವ ‘ಡೊನ್ನಾ ಲೀ’ಯನ್ನು ಜಾಕೋ ಪಸ್ಟೋರಿಯಸ್ 1976ರ ತಮ್ಮ ಆಲ್ಬಮ್‌ನಲ್ಲಿ ಬೇಸ್ ಮೇಲೆ ನುಡಿಸಿ ಬೆರಗುಗೊಳಿಸಿದರು. ಅವರಿಗಿಂತ ಮೊದಲು, 1960ರ ದಶಕದಲ್ಲಿ, ಡೆಟ್ರಾಯಿಟಿನ ಮೋಟೌನ್ ಧ್ವನಿಮುದ್ರಣಗಳಿಗೆ ನುಡಿಸಿದ ಜೇಮ್ಸ್ ಜೇಮರ್ಸನ್ ಬಹುಮಟ್ಟಿಗೆ ಬಲಗೈಯ ತೋರುಬೆರಳೊಂದನ್ನೇ ಬಳಸಿದರು. ನನ್ನ ಮನಸ್ಸು ಜೇಮರ್ಸನ್ ಕಡೆಗೇ ವಾಲುತ್ತದೆ.

ನೋವು ಕಂಡೊಡನೆ ವಾದ್ಯ ಕೆಳಗಿಡಿ. ಬೆರಳು ಜೋಮು ಹಿಡಿಯುತ್ತಿದ್ದರೆ ವೈದ್ಯರಿಗೆ ತೋರಿಸಿ. ಎರಡು ತಿಂಗಳ ಬಳಿಕ ನಾನು ಮತ್ತೆ ಆರಂಭಿಸಿದಾಗ ಮೆಟ್ರೋನೋಮನ್ನು 50ಕ್ಕೆ ಇಟ್ಟಿದ್ದೆ. ಅದರ ಟಕ್ ಟಕ್ ಕೇಳಿ ಮನೆಯವರಿಗೆಲ್ಲ ಬೇಸರ. 120 ಮುಟ್ಟುವ ಹೊತ್ತಿಗೆ ಮರುವರ್ಷದ ಗಣೇಶನ ಹಬ್ಬ ಬಂದಿತ್ತು.