ನೀರಿನ ಸಂಸ್ಕಾರವೂ ಉರುವಲಿನ ಉಳಿತಾಯವೂ



ಬಚ್ಚಲುಮನೆಯ ತಾಮ್ರದ ಹಂಡೆಯನ್ನು ಹುಣಿಸೆಹಣ್ಣು ಹಚ್ಚಿ ಥಳಥಳಿಸುವಂತೆ ಬೆಳಗುವುದು ನಮ್ಮ ನಾಡಿನ ಹಳೆಯ ವಾಡಿಕೆ. ಹೊರಮೈಗೆ ಸಲ್ಲುವ ಈ ಉಪಚಾರ ಒಳಮೈಗೆ ಸಲ್ಲುವುದು ಅಪರೂಪ. ಬಾವಿಯ ನೀರನ್ನು ವರ್ಷಗಟ್ಟಲೆ ಕಾಯಿಸಿದ ಹಂಡೆಯೊಳಗೆ ಕೈಯಾಡಿಸಿದರೆ ಬೂದುಬಣ್ಣದ ಒರಟಾದ ಪದರವೊಂದು ಬೆರಳಿಗೆ ತಗಲುತ್ತದೆ. ಅದು ನೀರಿನಿಂದಲೇ ಹುಟ್ಟಿದ ಕಲ್ಲು. ಈ ಕಲ್ಲು ಎಲ್ಲಿಂದ ಬರುತ್ತದೆ, ನಮ್ಮ ಉರುವಲನ್ನು ಹೇಗೆ ಅಪಹರಿಸುತ್ತದೆ, ಅದನ್ನು ತಡೆಯುವ ಬಗೆ ಯಾವುದು ಎಂಬ ಮೂರು ಪ್ರಶ್ನೆಗಳನ್ನು ಈ ಹೊತ್ತು ವಿಚಾರಮಾಡೋಣ.

ಆಕಾಶದಿಂದ ಬೀಳುವ ಮಳೆಯ ನೀರು ಮೆದುವಾದುದು. ಮಣ್ಣಿನೊಳಕ್ಕೆ ಇಳಿಯುವಾಗ ಅದು ಅಲ್ಲಿಯ ಇಂಗಾಲಾಮ್ಲ ವಾಯುವನ್ನು ಹೀರಿಕೊಂಡು, ಕಲ್ಲುಬಂಡೆಗಳಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಹೀಗಾದ ನೀರನ್ನು ಗಡಸು ನೀರೆನ್ನುತ್ತೇವೆ. ಅದನ್ನು ಕಾಯಿಸಿದೊಡನೆ ವಾಯು ಹೊರಟುಹೋಗುತ್ತದೆ. ಕರಗಿದ್ದ ಸುಣ್ಣ ಕರಗಿರಲಾರದೆ ಪಾತ್ರೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಸಕ್ಕರೆಯು ಬಿಸಿನೀರಿನಲ್ಲಿ ಹೆಚ್ಚು ಕರಗುವುದನ್ನು ನಾವೆಲ್ಲರೂ ಬಲ್ಲೆವು. ಕ್ಯಾಲ್ಸಿಯಂ ಸಲ್ಫೇಟಿನ ನಡತೆ ಇದಕ್ಕೆ ವಿರುದ್ಧ: ಬಾಯ್ಲರಿನಷ್ಟು ಬಿಸಿ ಏರಿದಾಗ ಅದರ ಕರಗುವಿಕೆ ಬಹಳ ಕುಗ್ಗುತ್ತದೆ. ಆದುದರಿಂದ ಯಾವ ತಗಡು ಅತ್ಯಂತ ಬಿಸಿಯಾಗಿರುವುದೋ ಅಲ್ಲಿಯೇ ಈ ಪದರ ದಟ್ಟವಾಗಿ ಕೂರುತ್ತದೆ.

ಭಾರತೀಯ ಮಾನಕದಂತೆ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರದಿರುವುದು ಮೇಲು. ಬೇರೆ ಆಸರೆಯಿಲ್ಲದ ಕಡೆ 600ರವರೆಗೆ ಸಮ್ಮತಿಯುಂಟು. ಕುಡಿಯಲು ಒಪ್ಪುವ ನೀರು ಯಂತ್ರಕ್ಕೂ ಒಪ್ಪುವುದೆಂದು ಭಾವಿಸುವುದು ಸರಿಯಲ್ಲ. ಬೆಂಗಳೂರಿಗೆ 1974ರಲ್ಲಿ ಕಾವೇರಿಯ ನೀರು ಬಂದಿತಾದರೂ, ನಗರದ ಅನೇಕ ವಸತಿಗೃಹಗಳೂ ಕಾರ್ಖಾನೆಗಳೂ ಕೊಳವೆಬಾವಿಗಳನ್ನೇ ನೆಚ್ಚಿವೆ. ಕೊಳವೆಬಾವಿಯ ನೀರು ಸಾಮಾನ್ಯವಾಗಿ ನದಿಯ ನೀರಿಗಿಂತ ಗಡಸು.

ಒಂದು ಸಣ್ಣ ಲೆಕ್ಕವನ್ನು ನೋಡೋಣ. ಗಂಟೆಗೆ 1,000 ಲೀಟರು ನೀರನ್ನು ಹಬೆಯಾಗಿಸುವ ಬಾಯ್ಲರು ದಿನಕ್ಕೆ 10 ಗಂಟೆ ಕೆಲಸ ಮಾಡುತ್ತದೆಯೆನ್ನಿ. ನೀರಿನ ಗಡಸುತನ ಲೀಟರಿಗೆ 400 ಮಿಲಿಗ್ರಾಂ. ಹಬೆಯು ಶುದ್ಧವಾಗಿ ಹೊರಟುಹೋಗುತ್ತದೆ; ಲವಣ ಹಿಂದೆ ಉಳಿಯುತ್ತದೆ. ಸುಣ್ಣದ ಲೆಕ್ಕದಲ್ಲಿ ಹೇಳುವುದಾದರೆ ದಿನವೊಂದಕ್ಕೆ 4 ಕಿಲೋಗ್ರಾಂ! ಇದರಲ್ಲಿ ಸ್ವಲ್ಪ ಭಾಗ ಕೆಸರಾಗಿ ತಳಕ್ಕಿಳಿದರೂ ಉಳಿದದ್ದು ಕೊಳವೆಗಳ ಮೇಲೆ ಕಲ್ಲಾಗುತ್ತದೆ.

ಈ ಕಲ್ಲು ಶಾಖಕ್ಕೆ ದೊಡ್ಡ ಅಡ್ಡಗೋಡೆ. ಸುಣ್ಣದ ಪದರಕ್ಕೆ ಹೋಲಿಸಿದರೆ ಉಕ್ಕು ಸುಮಾರು 25 ಪಾಲು ಸುಲಭವಾಗಿ ಶಾಖವನ್ನು ಸಾಗಿಸಬಲ್ಲದು. ಎಂದರೆ 1 ಮಿಲಿಮೀಟರು ದಪ್ಪದ ಪದರವು 25 ಮಿಲಿಮೀಟರು ದಪ್ಪದ ಉಕ್ಕಿನಷ್ಟು ತಡೆಯೊಡ್ಡುತ್ತದೆ. ನೀರಿಗೆ ಸೇರಲಾರದ ಶಾಖವು ಹೊಗೆಯೊಡನೆ ಚಿಮಣಿಯ ದಾರಿ ಹಿಡಿಯುತ್ತದೆ. ಹೊಗೆಯ ಉಷ್ಣತೆ ಸುಮಾರು 22 ಡಿಗ್ರಿ ಏರಿದರೆ ಉರುವಲಿನಲ್ಲಿ ನೂರಕ್ಕೆ ಒಂದು ಪಾಲು ನಷ್ಟವಾಯಿತೆಂದು ಎಂಜಿನಿಯರುಗಳು ಎಣಿಸುತ್ತಾರೆ. ಒಂದು ಪಾಲೆಂದರೆ ಅಲ್ಪವೆನಿಸಬಹುದು. ಆದರೆ ವರ್ಷವಿಡೀ ಉರಿಯುವ ಒಲೆಯಲ್ಲಿ, ಹನಿಗೂಡಿದರೆ ಹಳ್ಳವೆಂಬಂತೆ, ಅದು ಬೆಳೆಯುತ್ತಲೇ ಹೋಗುತ್ತದೆ. ಇದಕ್ಕಿಂತ ಘೋರವಾದ ಫಲವೂ ಉಂಟು. ನೀರಿನ ತಂಪು ತಗಲದ ಕೊಳವೆ ಮಿತಿಮೀರಿ ಕಾದು, ಮೆತ್ತಗಾಗಿ, ಉಬ್ಬಿ ಒಡೆಯಬಹುದು. ಆಗ ಅಪಾಯಕ್ಕೆ ಸಿಲುಕುವವರು ಒಲೆಯ ಮುಂದೆ ನಿಂತ ಕೆಲಸಗಾರರು.

ಮನೆಯ ವಿದ್ಯುತ್ ಗೀಸರಿನ ವಿಷಯವಾಗಿ ಒಂದು ವಿವೇಚನೆ ಅಗತ್ಯ. ಅಲ್ಲಿ ಶಾಖ ಹುಟ್ಟುವ ಸುರುಳಿ ನೀರಿನೊಳಗೇ ಮುಳುಗಿರುವುದರಿಂದ ಅದರ ಶಾಖಕ್ಕೆ ನೀರನ್ನು ಬಿಟ್ಟು ಬೇರೆ ಗತಿಯಿಲ್ಲ. ಸುಣ್ಣ ಕಟ್ಟಿದ ಮಾತ್ರಕ್ಕೆ ವಿದ್ಯುತ್ತಿನ ವೆಚ್ಚ ಹೆಚ್ಚೇನೂ ಏರದು. ಆದರೆ ಸುರುಳಿಯೇ ಅತಿಯಾಗಿ ಕಾದು ಬೇಗನೆ ಸುಟ್ಟುಹೋಗುತ್ತದೆ. ಅನಿಲದಿಂದ ಉರಿಯುವ ಗೀಸರಿನಲ್ಲಿಯಾದರೋ ಬಾಯ್ಲರಿನಂತೆಯೇ ಶಾಖ ಹೊರಕ್ಕೆ ಹೋಗಲು ದಾರಿಯಿದೆ. ದೊಡ್ಡ ಕಟ್ಟಡಗಳನ್ನು ತಂಪುಮಾಡುವ ಯಂತ್ರಗಳ ಕಂಡೆನ್ಸರುಗಳಲ್ಲಿಯೂ ಸುಣ್ಣ ಕಟ್ಟುತ್ತದೆ. ಅಲ್ಲಿ ಉಷ್ಣತೆ ಒಂದು ಡಿಗ್ರಿ ಹೆಚ್ಚಿದರೆ ವಿದ್ಯುತ್ತಿನ ವೆಚ್ಚ ನೂರಕ್ಕೆ ಸುಮಾರು 2ರಿಂದ 3ರಷ್ಟು ಏರುವುದುಂಟು.

ಇನ್ನು ಪರಿಹಾರ. ಅಬರ್ಡೀನಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದ ಥಾಮಸ್ ಕ್ಲಾರ್ಕರು 1841ರಲ್ಲಿ ಒಂದು ವಿಧಾನಕ್ಕೆ ಹಕ್ಕುಪತ್ರ ಪಡೆದರು. ನೀರಿನ ಸುಣ್ಣವನ್ನು ತೆಗೆಯಲು ನೀರಿಗೆ ಸುಣ್ಣವನ್ನೇ ಬೆರಸುವುದು! ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಈ ಉಪಾಯದಿಂದ, ಬಾಯ್ಲರಿನಲ್ಲಿ ಕೂರಬೇಕಾದ ಕಲ್ಲು ಹೊರಗಿನ ತೊಟ್ಟಿಯಲ್ಲಿಯೇ ಪುಡಿಯಾಗಿ ತಳ ಸೇರುತ್ತದೆ. 1935ರಲ್ಲಿ ಇಂಗ್ಲೆಂಡಿನ ಆಡಮ್ಸ್ ಮತ್ತು ಹೋಮ್ಸ್ ಎಂಬುವರು ಕೃತಕ ರಾಳಗಳ ಗುಣವನ್ನು ಪ್ರಕಟಿಸಿದರು. ಇಂದಿನ ಯಂತ್ರಗಳಲ್ಲಿ ಇಂತಹ ರಾಳದ ಮಣಿಗಳು ಕ್ಯಾಲ್ಸಿಯಮನ್ನು ಹಿಡಿದುಕೊಂಡು ಸೋಡಿಯಮನ್ನು ಬಿಟ್ಟುಕೊಡುತ್ತವೆ. ದಣಿದಾಗ ಉಪ್ಪುನೀರಿನಿಂದ ತೊಳೆದರೆ ಪುನಃ ಕೆಲಸಕ್ಕೆ ಸಿದ್ಧ. ಹಬೆಯ ರೈಲುಗಳ ಕಾಲದಲ್ಲಿ ಫ್ರಾನ್ಸಿನ ಎಂಜಿನಿಯರ್ ಲೂಯಿ ಅರ್ಮಾಂ ಅವರು, ಎಂಜಿನ್ನಿಗೆ ಹೋಗುವ ನೀರಿಗೇ ಔಷಧ ಸೇರಿಸಿ ಲವಣವು ಕಲ್ಲಾಗದೆ ಕೆಸರಾಗುವಂತೆ ಮಾಡಿದರು.

ರಾಳವು ಲವಣವನ್ನು ಅದಲುಬದಲು ಮಾಡುತ್ತದೆಯೇ ಹೊರತು ಕಡಿಮೆಮಾಡುವುದಿಲ್ಲ. ಬಾಯ್ಲರಿನಲ್ಲಿ ಲವಣ ಸಾಂದ್ರವಾಗುತ್ತ ಹೋದಂತೆ ಆಗಾಗ ಬಿಸಿನೀರನ್ನೇ ಹೊರಕ್ಕೆ ಚೆಲ್ಲಬೇಕಾಗುತ್ತದೆ. ಒಳಗಿನ ಮಿತಿ ಲೀಟರಿಗೆ 3,000 ಮಿಲಿಗ್ರಾಂ, ಬರುವ ನೀರಿನಲ್ಲಿ 300 ಇದ್ದರೆ, ಹತ್ತರಲ್ಲೊಂದು ಪಾಲು ಚೆಲ್ಲತಕ್ಕದ್ದು. ಸುಮಾರು 180 ಡಿಗ್ರಿ ಉಷ್ಣತೆಯ ಆ ನೀರಿನೊಡನೆ ನೂರಕ್ಕೆ ಎರಡೂವರೆ ಪಾಲಿನಷ್ಟು ಶಾಖ ವ್ಯರ್ಥ. ಸೂಕ್ಷ್ಮ ಪೊರೆಗಳ ಮೂಲಕ ಶೋಧಿಸಿ ಲವಣವನ್ನು 60ಕ್ಕೆ ಇಳಿಸಿದರೆ ಚೆಲ್ಲುವುದು ಐವತ್ತರಲ್ಲೊಂದು ಪಾಲು; ನಷ್ಟ ಅರ್ಧ ಪಾಲು ಮಾತ್ರ.

ಆದರೆ ಯಾವ ಸಂಸ್ಕಾರವೂ ಪುಕ್ಕಟೆಯಲ್ಲ. ಪೊರೆಯ ಶೋಧಕವು ತಾನೇ ವಿದ್ಯುತ್ತನ್ನು ಬೇಡುತ್ತದೆ; ಬಂದ ನೀರಿನಲ್ಲಿ ಒಂದು ಭಾಗವನ್ನು ತಿರಸ್ಕರಿಸುತ್ತದೆ. ರಾಳವನ್ನು ತೊಳೆದ ಉಪ್ಪುನೀರು ನೆಲವನ್ನು ಕೆಡಿಸುತ್ತದೆ. 2024ರ ಬೇಸಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆಬಾವಿಗಳು ಬತ್ತಿದುದನ್ನು ಕಂಡ ನಾವು, ಉರುವಲನ್ನು ಉಳಿಸುವ ಭರದಲ್ಲಿ ನೀರನ್ನು ಪೋಲುಮಾಡುವಂತಿಲ್ಲ. ಆದುದರಿಂದ ಎಲ್ಲ ನೀರಿಗೂ ಒಂದೇ ಮದ್ದು ಕೊಡದೆ, ಯಂತ್ರದ ಅಗತ್ಯವನ್ನು ತೂಗಿನೋಡಿ ಸಂಸ್ಕಾರವನ್ನು ಆರಿಸಬೇಕು.

ವಸತಿಗೃಹವನ್ನೋ ಆಸ್ಪತ್ರೆಯನ್ನೋ ಕಾರ್ಖಾನೆಯನ್ನೋ ನಡೆಸುವವರು ಮೂರು ಕೆಲಸಗಳನ್ನು ಮಾಡಬಹುದು. ಮೊದಲನೆಯದಾಗಿ, ನೀರಿನ ಗಡಸುತನವನ್ನು ಕಾಲಕಾಲಕ್ಕೆ ಪರೀಕ್ಷಿಸುವುದು. ಎರಡನೆಯದಾಗಿ, ಚಿಮಣಿಯಲ್ಲೊಂದು ಉಷ್ಣಮಾಪಕವನ್ನಿಟ್ಟು ದಿನವೂ ಬರೆದಿಡುವುದು. ಬೆಂಕಿಯೂ ಹಬೆಯೂ ಎಂದಿನಂತಿದ್ದು ಹೊಗೆಯ ಬಿಸಿ ಮಾತ್ರ ವಾರದಿಂದ ವಾರಕ್ಕೆ ಏರಿದರೆ, ಒಳಗೆ ಕಲ್ಲೋ ಹೊರಗೆ ಮಸಿಯೋ ಬೆಳೆಯುತ್ತಿದೆಯೆಂದು ತಿಳಿಯಬೇಕು. ಮೂರನೆಯದಾಗಿ, ಕೆಲಸ ಮುಗಿಸಿ ನೀರಾದ ಹಬೆಯನ್ನು ಚರಂಡಿಗೆ ಬಿಡದೆ ಬಾಯ್ಲರಿಗೇ ಹಿಂತಿರುಗಿಸುವುದು. ಅದು ಬಿಸಿಯಾಗಿಯೂ ಇದೆ, ಸುಣ್ಣವಿಲ್ಲದೆಯೂ ಇದೆ. ಮಾಳಿಗೆಯ ಮಳೆನೀರನ್ನು ಹಿಡಿದಿಡಬಲ್ಲವರಿಗಂತೂ ಮೆದು ನೀರು ಆಕಾಶವೇ ಕೊಟ್ಟ ಕಾಣಿಕೆ. ಖರ್ಚಿನ ಪುಸ್ತಕದಲ್ಲಿ ಉರುವಲಿಗೆ ಒಂದು ಪುಟವಿರುವಂತೆ ನೀರಿನ ಗುಣಕ್ಕೂ ಒಂದು ಪುಟವಿರಲಿ ಎಂಬುದೇ ನಮ್ಮ ಅರಿಕೆ.